ಬಿಡೋಣ 14, ಇರೋಣ 12

2019ರ ಮಾರ್ಚ್ 31, ಭಾನುವಾರ. ಬೆಳಗ್ಗೆ ಆರೂಮುಕ್ಕಾಲಿಗೆ ದಿನೇಶ ಚಿಕ್ಕಪ್ಪ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು.

"ಬ್ರಿಟನ್ನಿನಲ್ಲಿ ನೂರಕ್ಕೆ ಎಂಬತ್ತು ಜನ ಯುರೋಪ್ ಒಕ್ಕೂಟ ಬಿಡೋಣ ಎಂದು ವೋಟ್ ಹಾಕಿದರು. ಮೂರು ವರ್ಷವಾದರೂ ಅಲ್ಲಿನ ಸಂಸದರು ಜನರ ಮಾತನ್ನು ಕಸದಬುಟ್ಟಿಗೆ ಹಾಕಿದ್ದಾರೆ. ರಾಣಿಯೂ ಸಹಿ ಹಾಕುತ್ತಿಲ್ಲ. ಜನ ಹೇಳಿದ ಮೇಲೂ ಕೇಳದವರು ಎಲ್ಲ ಕಡೆ ಇದ್ದಾರೆ! ಹತ್ತು ಜನರಿಗೆ ಕಳಿಸಿ."

ಅದರ ಕೆಳಗೆ ಚಿಕ್ಕಪ್ಪ ತಾವೇ ಒಂದು ಸಾಲು ಬರೆದಿದ್ದರು. "ನಮ್ಮ ಮನೆಯಲ್ಲೂ ಇದೇ ಕಥೆ ಅಲ್ವಾ?"

ಜಗಳಕ್ಕೆ ಅಷ್ಟು ಸಾಕಾಗಿತ್ತು. ಆ ಒಂದು ಸಾಲು ಯಾಕೆ ಚುಚ್ಚಿತು ಎಂದು ತಿಳಿಯಬೇಕಾದರೆ ಮನೆಯ ವಿಷಯ ಹೇಳಬೇಕು.

ನಮ್ಮ ಐನ್‌ಮನೆ, ಅಂದರೆ ಮನೆತನದ ಮೂಲಮನೆ, ಇರುವುದು ಕೊಡಗಿನ ಮಾದಾಪುರದ ಕಡೆ, ಗುಡ್ಡದ ಮಗ್ಗುಲಲ್ಲಿ. 2018ರ ಆಗಸ್ಟ್ ಮಳೆಯಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆಯೆಲ್ಲ ಗುಡ್ಡಗಳು ಕುಸಿದದ್ದು ಎಲ್ಲರಿಗೂ ನೆನಪಿದೆ. ನಮ್ಮ ಮನೆ ಬೀಳಲಿಲ್ಲ. ಆದರೆ ಹಿಂದಿನ ಬರೆ, ಅಂದರೆ ಮನೆಯ ಬೆನ್ನಿಗಿರುವ ಗುಡ್ಡದ ಮಣ್ಣಿನ ಇಳಿಜಾರು, ಬಿರುಕು ಬಿಟ್ಟಿತು. ಬಿರುಕಿನೊಳಗೆ ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತಿತ್ತು. ನೋಡಲು ಬಂದ ಎಂಜಿನಿಯರೊಬ್ಬರು "ಮಳೆಗಾಲದಲ್ಲಿ ಇಲ್ಲಿ ಮಲಗಬೇಡಿ" ಎಂದು ಹೇಳಿ ಹೋದರು. ಆ ವರ್ಷ ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಎಲ್ಲರೂ ಸೇರಿದಾಗ ಊಟದ ನಂತರ ಚೀಟಿ ಹಾಕಿದರು. ಎರಡೇ ಮಾತು. ಬಿಡೋಣ, ಅಥವಾ ಇರೋಣ. ಭತ್ತದ ಕುಕ್ಕೆಯಿಂದ ಚೀಟಿ ತೆಗೆದು ಎಣಿಸಿದರೆ ಬಿಡೋಣ 14, ಇರೋಣ 12.

ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಚೀಟಿ ಕೊಟ್ಟಿರಲಿಲ್ಲ. ನಾವು ಏಳು ಜನ. ಲೀಲಾ ಅತ್ತೆಯನ್ನೂ ಸೇರಿಸಿ. ನಾವೆಲ್ಲ ಒಳಗೆ ಪಾತ್ರೆ ಜೋಡಿಸುತ್ತಿದ್ದೆವು. ನನಗೆ ಅದು ಇವತ್ತಿಗೂ ನೋವಿನ ವಿಷಯ. ನಾನು ಹುಟ್ಟಿದ ಮನೆ ಅದು.

ಚೀಟಿ ಎಣಿಸಿ ನಾಲ್ಕು ತಿಂಗಳಾದರೂ ಒಂದು ಹೆಂಚೂ ಅಲುಗಿರಲಿಲ್ಲ.

ಚಿಕ್ಕಪ್ಪನ ಫಾರ್ವರ್ಡಿಗೆ ಮೊದಲು ಉತ್ತರ ಕೊಟ್ಟವನು ಪವನ. ಬೆಂಗಳೂರಿನಲ್ಲಿ ಬ್ಯಾಂಕುಗಳ ಲೆಕ್ಕ ತಪಾಸಣೆ ಮಾಡುತ್ತಾನೆ. ಗುಂಪಿನಲ್ಲೂ ಅದೇ ಕೆಲಸ.

"ಚಿಕ್ಕಪ್ಪ, ಈ ಎಂಬತ್ತು ಎಲ್ಲಿಂದ ಬಂತು? 2016ರ ಜೂನ್ 23ರ ಬ್ರೆಕ್ಸಿಟ್ ಮತದಾನದಲ್ಲಿ ಬಿಡೋಣ ಅಂದವರು ಶೇ. 51.9. ಇರೋಣ ಅಂದವರು ಶೇ. 48.1. ಯಾರು ಬರೆದದ್ದು ಇದು?"

ಚಿಕ್ಕಪ್ಪ: "ನನಗೆ ಬಂತು, ನಾನು ಕಳಿಸಿದೆ. 51 ಆದರೇನು, 80 ಆದರೇನು? ಜಾಸ್ತಿ ಅಂದರೆ ಜಾಸ್ತಿ."

ಪವನ: "ಹಾಗಾದರೆ ಎಂಬತ್ತು ಅಂತ ಯಾಕೆ ಹಾಕಬೇಕು?"

ಚಿಕ್ಕಪ್ಪ: "ನಮ್ಮ 14ನ್ನೂ ನೀನು ಒಪ್ಪಲಿಲ್ಲವಲ್ಲ. ನಿನ್ನ ಅಪ್ಪ ಇರೋಣ ಅಂದವರು. ನಿನಗೆ ಲೆಕ್ಕ ಕೇಳುವುದು ಆಗ ಮಾತ್ರ ನೆನಪಾಗುತ್ತದೆ."

ಬ್ರಿಟನ್ ಅಲ್ಲಿಗೆ ಮುಗಿಯಿತು. ಪವನನ ಅಪ್ಪ, ಅಂದರೆ ನಮ್ಮ ದೊಡ್ಡಪ್ಪ, ಮನೆತನದ ಪಟ್ಟೇದಾರರು, ಅಂದರೆ ಯಜಮಾನರು. ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಈಗಲೂ ಐನ್‌ಮನೆಯಲ್ಲೇ ಇರುವವರು ಅವರು ಮತ್ತು ದೊಡ್ಡಮ್ಮ ಮಾತ್ರ. ಅವರು ಬೆಳಗ್ಗೆ ಎಂಟಕ್ಕೆ, ತೋಟಕ್ಕೆ ಒಂದು ಸುತ್ತು ಹೋಗಿ ಬಂದ ಮೇಲೆ ಬರೆದರು.

"ಭಾನುವಾರ ಬೆಳಗ್ಗೆ ಮನೆ ಮಾತು ಹೀಗೆ ಆಡಬಾರದು. ಹಿರಿಯರ ದೀಪ ಉರಿಯುವ ಮನೆ ಅದು. ಸೈನ್ಯದಲ್ಲಿ ನಮಗೆ ಕಲಿಸಿದ್ದು ಶಿಸ್ತು. ಈಗಿನವರಿಗೆ ಬೆರಳ ತುದಿಯಲ್ಲಿ ನಾಲಿಗೆ. ಕಾಫಿಗೆ ಹೂಮಳೆ ಬಂದಿಲ್ಲ, ಮೊಗ್ಗು ಒಣಗುತ್ತಿದೆ, ಅದರ ಬಗ್ಗೆ ಯಾರಿಗೂ ಚಿಂತೆ ಇಲ್ಲ."

ಚಿಕ್ಕಪ್ಪ: "ಶಿಸ್ತು ಅಂದರೆ ಚೀಟಿಯ ತೀರ್ಮಾನ ನಡೆಸುವುದೂ ಶಿಸ್ತೇ ಅಣ್ಣ."

ದೊಡ್ಡಪ್ಪ: "ಎಲ್ಲಿಗೆ ಹೋಗಬೇಕು ಹೇಳು. ನಿನ್ನ ಕುಶಾಲನಗರಕ್ಕಾ? ಹೋದ ಆಗಸ್ಟ್‌ನಲ್ಲಿ ಅಲ್ಲಿ ಬಡಾವಣೆಗಳೊಳಗೆ ಕಾವೇರಿ ನುಗ್ಗಿದ್ದು ಮರೆತೆಯಾ? ಮಣ್ಣಿನಿಂದ ಓಡಿ ನೀರಿಗೆ ಬೀಳಬೇಕಾ?"

ಚಿಕ್ಕಪ್ಪ: "ಇರೋಣ ಅಂದವರು ಬರೆಗೆ ಒಂದು ಬುಟ್ಟಿ ಕಲ್ಲಾದರೂ ಕಟ್ಟಿಸಿದ್ದೀರಾ?"

ದೊಡ್ಡಪ್ಪ: "2009ರಲ್ಲಿ ಸಿಲ್ವರ್ ಓಕ್ ಕಡಿಸಿ ಮಾರಿದ ದುಡ್ಡು ಇದ್ದಿದ್ದರೆ ಕಟ್ಟಿಸಬಹುದಿತ್ತು."

ಸಿಲ್ವರ್ ಓಕ್ ವಿಷಯ ಬಂದರೆ ನಮ್ಮ ಗುಂಪಿನಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಗಿರೀಶಣ್ಣ ಬಂದ. ಜಗಳ ಕಂಡರೆ ಅವನಿಗೆ ಆಗುವುದಿಲ್ಲ.

"ಸಿಲ್ವರ್ ಓಕ್ ಬಿಡಿ, ಕಣದ ಪಕ್ಕದ ಕಿತ್ತಳೆ ಮರ ನೆನಪಿದೆಯಾ? ನಾವೆಲ್ಲ ರಜೆಗೆ ಬಂದಾಗ ಒಂದೇ ಮರದಲ್ಲಿ ಆರು ಜನ ಹತ್ತುತ್ತಿದ್ದೆವು. ಸಿಪ್ಪೆಯನ್ನು ಕಣ್ಣಿಗೆ ಹಿಂಡುತ್ತಿದ್ದವಳು ಶುಭಾ."

ಶುಭಾ ನಾನೇ. ಹೌದು, ಹಿಂಡುತ್ತಿದ್ದೆ. ಆ ಮರ ರೋಗ ಬಂದು ಒಣಗಿ ಇಪ್ಪತ್ತು ವರ್ಷ ಆಯಿತು. ಗಿರೀಶಣ್ಣ ಮರದಿಂದ ಹಂಡೆ ಒಲೆಗೆ, ಒಲೆಯಿಂದ ಮಳೆಗಾಲದ ಕಣಿಲೆ ಸಾರಿಗೆ, ಅಲ್ಲಿಂದ ಅಜ್ಜನ ಟಾರ್ಚಿಗೆ ಹೋದ. ಮಧ್ಯೆ ಲೀಲಾ ಅತ್ತೆ ಒಂದು ಮಾತು ಹಾಕಿದರು. ಅವರು ಗುಂಪಿನಲ್ಲಿ ಬರೆಯುವುದು ಅಪರೂಪ.

"ಈ ಬಿಡೋಣ ಇರೋಣ ನಮ್ಮ ಮನೆಗೆ ಹೊಸದಲ್ಲ. 1952ರಲ್ಲಿ ಕೊಡಗು ಬೇರೆ ರಾಜ್ಯವಾಗಿದ್ದಾಗ ಅಪ್ಪ ಸೇರೋಣ ಅನ್ನುವ ಕಾಂಗ್ರೆಸ್, ಅಪ್ಪನ ತಮ್ಮ ಬೇಡ ಅನ್ನುವ ತಕ್ಕಡಿ ಪಕ್ಷ. ಮೈಸೂರಿಗೆ ಸೇರಬೇಕಾ ಬೇಡವಾ ಅಂತ. ಒಂದು ವರ್ಷ ಇಬ್ಬರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂರಲಿಲ್ಲವಂತೆ. ಅವ್ವ ಎರಡು ಸಲ ಬಡಿಸುತ್ತಿದ್ದರಂತೆ."

ಚಿಕ್ಕಪ್ಪ ಅದನ್ನೂ ಹಿಡಿದರು. "ನೋಡಿ! ಕೊಡಗಿನಲ್ಲೂ ಆಗ ಜನಮತ ಕೇಳಿ ತೀರ್ಮಾನ ಮಾಡಿದ್ದರು. ಸೋತವರು ಒಪ್ಪಿಕೊಂಡರು."

ಪವನ: "ಜನಮತಗಣನೆ ಅಲ್ಲ ಚಿಕ್ಕಪ್ಪ, ಅದು ವಿಧಾನಸಭೆ ಚುನಾವಣೆ. 24 ಸ್ಥಾನ. ಸಿ. ಎಂ. ಪೂಣಚ್ಚ ಅವರ ಕಡೆಯ ಕಾಂಗ್ರೆಸ್ಸಿಗೆ 15, ಪಂದ್ಯಂಡ ಬೆಳ್ಯಪ್ಪ ಅವರ ತಕ್ಕಡಿ ಪಕ್ಷಕ್ಕೆ 9. ಕೊಡಗು ಮೈಸೂರಿಗೆ ಸೇರಿದ್ದು ನಾಲ್ಕು ವರ್ಷದ ಮೇಲೆ, 1956ರ ನವೆಂಬರ್ 1ಕ್ಕೆ, ದೇಶದ ರಾಜ್ಯಗಳನ್ನೆಲ್ಲ ಮತ್ತೆ ವಿಂಗಡಿಸಿದಾಗ. 'ಸೇರಬೇಕಾ, ಬೇಡವಾ' ಅಂತ ಒಂದೇ ಪ್ರಶ್ನೆ ಇಟ್ಟು ಯಾರೂ ಚೀಟಿ ಕೊಡಲಿಲ್ಲ. ಹಾಗೆ ಕೇಳಿದ್ದು ಗೋವಾದಲ್ಲಿ, 1967ರ ಜನವರಿ 16ರಂದು. ಮಹಾರಾಷ್ಟ್ರಕ್ಕೆ ಸೇರುವವರಿಗೆ ಹೂವಿನ ಗುರುತು, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯುವವರಿಗೆ ಎರಡು ಎಲೆ. ಎಲೆ 34,021 ಮತದಿಂದ ಗೆದ್ದಿತು."

ಚಿಕ್ಕಪ್ಪ: "ಸರಿಯಪ್ಪ, ಗೆದ್ದವರ ಮಾತು ನಡೆಯಿತಲ್ಲ. ಅಷ್ಟೇ ನಾನು ಹೇಳುವುದು."

ಪವನನ ಮಾತಿನಲ್ಲಿ ನನಗೆ ಬೇಕಾದ್ದೊಂದು ಇತ್ತು. ಅವನು ಅದನ್ನು ಬಿಡಿಸಿ ಹೇಳಲಿಲ್ಲ, ಚಿಕ್ಕಪ್ಪ ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಗೋವಾದವರಿಗೆ ಹೂವು ಗೆದ್ದರೆ ಏನಾಗುತ್ತದೆ ಎಂದು ಗೊತ್ತಿತ್ತು. ಎಲೆ ಗೆದ್ದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ಎರಡು ದಾರಿಗೂ ಕೊನೆಯಲ್ಲಿ ಒಂದೊಂದು ಊರು ಕಾಣುತ್ತಿತ್ತು. ನಮ್ಮ ಕುಕ್ಕೆಯಲ್ಲಿ ಹಾಕಿದ ಚೀಟಿ ಹಾಗಿರಲಿಲ್ಲ. 'ಇರೋಣ' ಅಂದರೆ ಏನು ಎಂದು ಎಲ್ಲರಿಗೂ ಗೊತ್ತಿತ್ತು. ಅದೇ ಹೆಂಚು, ಅದೇ ಒಲೆ, ಅದೇ ಬಿರುಕು. 'ಬಿಡೋಣ' ಅಂದ 14 ಜನರಲ್ಲಿ ಐದು ಜನಕ್ಕೆ ಅದು ಕುಶಾಲನಗರದ ಸೈಟು. ನಾಲ್ಕು ಜನಕ್ಕೆ ನಮ್ಮದೇ ಗದ್ದೆ ಮೇಲಿನ ದಿಣ್ಣೆಯಲ್ಲಿ ಹೊಸ ಮನೆ. ಮೂರು ಜನಕ್ಕೆ ಎಲ್ಲ ಮಾರಿ ಪಾಲು ಮಾಡುವುದು. ಅದು ಜಮ್ಮಾ ಜಾಗ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದದ್ದು, ಆರ್‌ಟಿಸಿಯಲ್ಲಿ ಇನ್ನೂ ಮುತ್ತಜ್ಜನ ಹೆಸರಿದೆ. ಹಾಗಾಗಿ ಮಾರುವುದು ಸುಲಭದ ಮಾತಲ್ಲ. ಉಳಿದ ಇಬ್ಬರಿಗೆ ಬರೀ ಹೆದರಿಕೆ. ಅವರ ಮಕ್ಕಳು ರಾತ್ರಿ ಮಳೆ ಶಬ್ದಕ್ಕೆ ಎದ್ದು ಕೂರುತ್ತಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ. ಆದರೆ ಐದು, ನಾಲ್ಕು, ಮೂರು, ಎರಡು. ಯಾವುದನ್ನು ಎತ್ತಿದರೂ ಅದು 12ಕ್ಕಿಂತ ಕಡಿಮೆ.

ಇದನ್ನೇ ಗುಂಪಿನಲ್ಲಿ ಬರೆದೆ. ಚಿಕ್ಕಪ್ಪನಿಂದ ಎರಡೇ ಪದ ಬಂತು. "ನಿನಗ್ಯಾಕಮ್ಮ ಇದೆಲ್ಲ?"

ಆ ಎರಡು ಪದಕ್ಕೆ ಏನು ಉತ್ತರ ಕೊಡಬೇಕೆಂದು ತಿಳಿಯದೆ ಫೋನ್ ಕೆಳಗಿಟ್ಟು ಹೊಲಿಗೆ ಮಿಶನ್ ಮುಂದೆ ಕೂತೆ. ಮದುವೆ ಸೀಸನ್, ರಾಶಿ ಬ್ಲೌಸ್ ಬಾಕಿ ಇತ್ತು.

ಮಧ್ಯಾಹ್ನ ಒಂದರ ಹೊತ್ತಿಗೆ ರಮ್ಯಾ ಬಂದಳು. ದಿನೇಶ ಚಿಕ್ಕಪ್ಪನ ದೊಡ್ಡ ಮಗಳು. ಇಂಗ್ಲೆಂಡಿನ ಸಂಡರ್‌ಲ್ಯಾಂಡಿನಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದಿದ್ದಳು. ಅಂದು ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಇಡುವ ದಿನ. ನಡುರಾತ್ರಿ ದಾಟಿ ಒಂದಿದ್ದದ್ದು ಎರಡಾಗಿತ್ತು.

"ಅಪ್ಪ, ನೀವು ಕಳಿಸಿದ್ದು ಓದಿದೆ. ಅಷ್ಟು ದೂರದಿಂದ ಅದು ಹಾಗೆ ಕಾಣುತ್ತದೆ ಅಂತ ಗೊತ್ತು. ರಾಣಿಯ ಸಹಿವರೆಗೆ ಏನೂ ಹೋಗಿಯೇ ಇಲ್ಲ. ಸಂಸತ್ತು ಒಪ್ಪಿದರೆ ತಾನೆ ಅವರ ಹತ್ತಿರ ಹೋಗುವುದು? ಮೊನ್ನೆ ಶುಕ್ರವಾರ, 29ಕ್ಕೆ, ನಾವು ಹೊರಗೆ ಬರಬೇಕಾಗಿದ್ದ ದಿನ. ಅದೇ ದಿನ ಪ್ರಧಾನಿ ಥೆರೆಸಾ ಮೇ ಒಕ್ಕೂಟದ ಜತೆ ಮಾಡಿಕೊಂಡ ಒಪ್ಪಂದ ಸಂಸತ್ತಿನಲ್ಲಿ ಮೂರನೇ ಸಲ ಸೋತಿತು. ಜನವರಿಯಲ್ಲಿ 230 ಮತದಿಂದ ಸೋತಿತ್ತು. ಮಾರ್ಚ್ 12ಕ್ಕೆ 149. ಈ ಸಲ 58. ಅದಕ್ಕೂ ಎರಡು ದಿನ ಮೊದಲು ಸಂಸದರೇ ಎಂಟು ದಾರಿ ಮುಂದಿಟ್ಟು ಒಂದೊಂದಕ್ಕೂ ವೋಟ್ ಹಾಕಿದರು. ಎಂಟೂ ಸೋತವು. ಸೋಲಿಸಿದವರಲ್ಲಿ ಇರೋಣ ಅಂದವರೂ ಇದ್ದಾರೆ, ಬಿಡೋಣ ಅಂದವರೂ ಇದ್ದಾರೆ. ಒಬ್ಬರಿಗೆ ಅದು ಜಾಸ್ತಿ ಬಿಟ್ಟ ಹಾಗೆ, ಇನ್ನೊಬ್ಬರಿಗೆ ಏನೂ ಬಿಡದ ಹಾಗೆ."

ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ಬಂತು.

"ದೊಡ್ಡ ಗಂಟು ಐರ್ಲೆಂಡಿನದು. ಉತ್ತರ ಐರ್ಲೆಂಡ್ ಬ್ರಿಟನ್ ಜತೆ ಇದೆ, ಕೆಳಗಿನದು ಬೇರೆ ದೇಶ, ಒಕ್ಕೂಟದಲ್ಲೇ ಇರುತ್ತದೆ. ನಡುವೆ ಸುಮಾರು 500 ಕಿ.ಮೀ. ಗಡಿ. ನಮ್ಮ ಕೇರಳ ಗಡಿಯ ಮಾಕುಟ್ಟದಲ್ಲಿ ಗೇಟ್ ಇದೆಯಲ್ಲ, ಅಂಥದ್ದು ಅಲ್ಲಿ ಇಲ್ಲ. ಬೆಳಗ್ಗೆ ಹಾಲು ಒಂದು ಕಡೆ ಕರೆದು ಇನ್ನೊಂದು ಕಡೆ ಕಳಿಸುತ್ತಾರೆ. ಮೂವತ್ತು ವರ್ಷ ಬಾಂಬು, ಗುಂಡು ಕಂಡು 1998ರಲ್ಲಿ ಒಪ್ಪಂದ ಮಾಡಿಕೊಂಡ ಮೇಲೆ ಬಂದ ನೆಮ್ಮದಿ ಅದು. ಅಲ್ಲಿ ಮತ್ತೆ ಗೇಟ್ ಹಾಕಬಾರದು ಅಂತ ಎಲ್ಲರೂ ಹೇಳುತ್ತಾರೆ. ಹಾಕದೆ ಒಕ್ಕೂಟ ಬಿಡುವುದು ಹೇಗೆ ಅಂತ ಚೀಟಿಯಲ್ಲಿ ಬರೆದಿರಲಿಲ್ಲ."

ಚಿಕ್ಕಪ್ಪ: "ನೀನು ಇರುವ ಊರಿನವರು ಏನು ಹೇಳುತ್ತಾರೆ?"

"ಇಲ್ಲಿ ನೂರಕ್ಕೆ 61 ಜನ ಬಿಡೋಣ ಅಂದವರು. ನನ್ನ ವಾರ್ಡಿನ ಅಜ್ಜಂದಿರು ಹೆಚ್ಚಿನವರು ಅವರೇ. ಹಡಗು ಕಟ್ಟುವ ಕೆಲಸ, ಗಣಿ ಕೆಲಸ ಎಲ್ಲ ಹೋದ ಊರು ಇದು. ಯಾರೂ ನಮ್ಮ ಮಾತು ಕೇಳುವುದಿಲ್ಲ, ಒಂದು ಸಲವಾದರೂ ಕೇಳಲಿ ಅಂತ ಹಾಕಿದೆವು ಅನ್ನುತ್ತಾರೆ. ಅಪ್ಪ, ಅವರು ಕೆಟ್ಟವರಲ್ಲ. ನನ್ನ ಕೈ ಹಿಡಿದು ಮಾತಾಡುತ್ತಾರೆ. ಸ್ಕಾಟ್ಲೆಂಡಿನಲ್ಲಿ ಮಾತ್ರ ನೂರಕ್ಕೆ 62 ಜನ ಇರೋಣ ಅಂದಿದ್ದಾರೆ. ಅವರಿಗೂ ನಮ್ಮ ಮಾತು ಕೇಳಲಿಲ್ಲ ಅನ್ನುವ ಸಿಟ್ಟೇ."

ಪವನ: "ನೀನು ಅಲ್ಲಿ ವೋಟ್ ಹಾಕಿದ್ಯಾ?"

"ಹಾಕಿದೆ. ಆಗ ಬಂದು ಎರಡೇ ವರ್ಷ ಆಗಿತ್ತು. ಕಾಮನ್‌ವೆಲ್ತ್ ದೇಶದವರು ಇಲ್ಲಿ ನೆಲೆಸಿದ್ದರೆ ವೋಟ್ ಹಾಕಬಹುದು. ನನ್ನ ಜತೆಗೆ ಪೋಲೆಂಡಿನ ನರ್ಸ್ ಇದ್ದಾಳೆ. ಬಂದು ಹನ್ನೆರಡು ವರ್ಷ. ಮಕ್ಕಳು ಇಲ್ಲೇ ಹುಟ್ಟಿದ್ದು. ಅವಳಿಗೆ ವೋಟ್ ಇರಲಿಲ್ಲ. ಅವಳು ಇಲ್ಲಿ ಉಳಿಯಬೇಕಾ ಹೋಗಬೇಕಾ ಅನ್ನುವ ಪ್ರಶ್ನೆಗೆ ನಾನು ವೋಟ್ ಹಾಕಿದೆ. ಅವಳು ಅವತ್ತು ನನ್ನ ಪಾಳಿ ತಾನು ಮಾಡಿ ನನ್ನನ್ನು ಕಳಿಸಿದಳು."

ಅದನ್ನು ಓದಿ ನಾನು ಮಿಶನ್ ನಿಲ್ಲಿಸಿದೆ. ಏಳು ಜನ ಹೆಣ್ಣುಮಕ್ಕಳು ಒಳಗೆ ಪಾತ್ರೆ ಜೋಡಿಸುತ್ತಿದ್ದದ್ದು ಕಣ್ಣಮುಂದೆ ಬಂತು. ರಮ್ಯಾ ಅದನ್ನು ಮನಸ್ಸಿನಲ್ಲಿಟ್ಟು ಬರೆದಳೋ ಇಲ್ಲವೋ. ಅವಳೂ ಮದುವೆಯಾಗಿ ಹೋದವಳೇ. ನಾನು ಬರೆದೆ. "ನಮ್ಮ ಏಳು ಜನಕ್ಕೂ ಚೀಟಿ ಇರಲಿಲ್ಲ. 2005ರಿಂದ ಕಾನೂನಿನಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ನನಗೆ ಪಾಲು ಬೇಡ. ನನ್ನನ್ನು ಕೇಳಬೇಕಿತ್ತು."

ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಗಿರೀಶಣ್ಣ ಹಳೆ ಫೋಟೊ ಹಾಕಿದ. ಕಣದಲ್ಲಿ ಕಾಫಿ ಹರಡಿದ್ದು, ಅದರ ಮೇಲೆ ಸಾಲಾಗಿ ಕೂತ ಮಕ್ಕಳು.

ಸೋಮವಾರ ಯಾರೂ ಮಾತಾಡಲಿಲ್ಲ. ಮಂಗಳವಾರ ಬೆಳಗ್ಗೆ ರಮ್ಯಾ ಒಂದೇ ಸಾಲು ಹಾಕಿದ್ದಳು. "ನಿನ್ನೆ ರಾತ್ರಿ ಮತ್ತೆ ನಾಲ್ಕು ದಾರಿಗೆ ವೋಟ್ ಹಾಕಿದರು. ನಾಲ್ಕೂ ಸೋತವು. ಒಕ್ಕೂಟದ ಜತೆ ಸುಂಕದ ಹೊಂದಾಣಿಕೆ ಮುಂದುವರಿಸುವ ದಾರಿ 273ಕ್ಕೆ 276. ಮೂರೇ ಮೂರು ಮತ."

ಹತ್ತು ನಿಮಿಷಕ್ಕೆ ದೊಡ್ಡಪ್ಪ ಬರೆದರು. "ಲೀಲಾ, ಶುಭಾ, ನಿಮ್ಮ ಏಳು ಜನರ ಅಭಿಪ್ರಾಯ ಏನು? ಈಗ ಹೇಳಿ."

ನನ್ನ ಎದೆ ಒಮ್ಮೆ ಹೊಡೆದುಕೊಂಡಿತು. ಆದರೆ ಚಿಕ್ಕಪ್ಪನಿಗೆ ಕಂಡದ್ದು ಬೇರೆ. "ಸೋತವರು ಮತ್ತೆ ವೋಟ್ ಕೇಳುತ್ತಿದ್ದಾರೆ. ಏಳರಲ್ಲಿ ಐದು ನಿಮಗೆ ಬಂದರೆ 16ಕ್ಕೆ 17, ನೀವು ಗೆದ್ದಿರಿ. ಆಗ ನಾನು ಮತ್ತೆ ಕೇಳಬಹುದಾ? ಎಷ್ಟು ಸಲ ಕೇಳುತ್ತೀರಿ ಅಣ್ಣ? ನಿಮಗೆ ಬೇಕಾದ ಉತ್ತರ ಬರುವ ತನಕವಾ?"

ಚಿಕ್ಕಪ್ಪನ ಮೇಲೆ ಎಷ್ಟೇ ಬೇಸರ ಇದ್ದರೂ ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಲಂಡನ್ನಿನಲ್ಲೂ ಆಗ ಇದೇ ಮಾತು ನಡೆಯುತ್ತಿತ್ತು. ಇನ್ನೊಂದು ಮತದಾನ ಬೇಕು ಎಂದು ಲಕ್ಷಗಟ್ಟಲೆ ಜನ ಮೆರವಣಿಗೆ ಹೋಗಿದ್ದರು. ಒಕ್ಕೂಟ ಬಿಡುವುದನ್ನೇ ಕೈಬಿಡಿ ಎಂಬ ಮನವಿಗೆ 60 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಬಿಡೋಣ ಎಂದಿದ್ದ 1 ಕೋಟಿ 74 ಲಕ್ಷ ಜನರಿಗೆ ಅದು ಮೋಸದ ಹಾಗೆ ಕಂಡಿತ್ತು. ಕೇಳದೆ ಬಿಟ್ಟವರ ನೋವೂ ನಿಜ. ಕೇಳಿದ ಮೇಲೆ ಆ ಮಾತನ್ನು ಕೆಳಗಿಡುತ್ತಾರೆ ಎಂಬ ಭಯವೂ ನಿಜ. ನನಗೆ ಅನಿಸುವುದು ಇಷ್ಟು. ಮತ್ತೆ ಕೇಳುವುದಾದರೆ ಅದೇ ಪ್ರಶ್ನೆ ಕೇಳಬಾರದು. ಸೈಟಾ, ದಿಣ್ಣೆಯಾ, ಪಾಲಾ, ಬರೆಗೆ ಗೋಡೆಯಾ ಎಂದು ಕೇಳಬೇಕು. ಒಂದೊಂದಕ್ಕೂ ಖರ್ಚು ಎಷ್ಟು, ಕೊಡುವವರು ಯಾರು ಎಂದು ಬರೆದಿಟ್ಟು ಕೇಳಬೇಕು. ಕುಕ್ಕೆ ಒಳಗಿನವರ ಹತ್ತಿರವೂ ಬರಬೇಕು.

ಲೀಲಾ ಅತ್ತೆ ಸಂಜೆ ಉತ್ತರ ಕೊಟ್ಟರು. ಟೈಪ್ ಮಾಡಿರಲಿಲ್ಲ, ಮಾತಾಡಿ ಕಳಿಸಿದ್ದರು. ಹಿಂದೆ ಅವರ ಮನೆಯ ಕೋಳಿಗಳ ಸದ್ದು.

"ಅಣ್ಣ, ನನಗೆ ವೋಟ್ ಬೇಡ. ಇಷ್ಟು ವರ್ಷ ಕೇಳಲಿಲ್ಲ, ಈಗ ನಿಮ್ಮ ಇಬ್ಬರ ತಕ್ಕಡಿಗೆ ನನ್ನನ್ನು ಕಲ್ಲು ಮಾಡಿ ಹಾಕಬೇಡಿ. ಜೂನ್ ಬರಲಿಕ್ಕೆ ಎರಡು ತಿಂಗಳಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಮನೆಯಲ್ಲಿ ಯಾರೂ ಮಲಗಬಾರದು. ನೀವೂ, ಅತ್ತಿಗೆಯೂ. ಬೇರೆ ಎಲ್ಲ ಮಾತು ಹುತ್ತರಿಗೆ ಆಡೋಣ. ದಿನೇಶ, ನಿನ್ನ ಮನೆ ಮೇಲಿನ ರೂಮು ಖಾಲಿ ಇದೆ ತಾನೆ?"

ಚಿಕ್ಕಪ್ಪ ಅದನ್ನು ಕೇಳಿದ್ದಾರೆ ಎಂದು ನೀಲಿ ಗುರುತು ಬಂತು. ರಾತ್ರಿ ಹತ್ತಕ್ಕೆ ಬರೆದರು. "ಖಾಲಿ ಇದೆ. ನಮ್ಮ ಬೀದಿಗೆ ನೀರು ಬಂದಿಲ್ಲ. ಅಣ್ಣ ಬರುವುದಾದರೆ ಬಚ್ಚಲಿಗೆ ಬಿಸಿನೀರಿನ ಲೈನ್ ಹಾಕಿಸುತ್ತೇನೆ."

ದೊಡ್ಡಪ್ಪ ಏನೂ ಬರೆಯಲಿಲ್ಲ.

ಮೇ ಕೊನೆಗೆ ಥೆರೆಸಾ ಮೇ ಪ್ರಧಾನಿ ಹುದ್ದೆ ಬಿಡುವುದಾಗಿ ಹೇಳಿದ ಸುದ್ದಿಯನ್ನು ಪವನ ಗುಂಪಿಗೆ ಹಾಕಿದ. ಅದಕ್ಕೆ ಯಾರೂ ಮಾತಾಡಲಿಲ್ಲ. ಜೂನ್ ಮೊದಲ ವಾರ ದೊಡ್ಡಪ್ಪ, ದೊಡ್ಡಮ್ಮ ಎರಡು ಟ್ರಂಕು, ಹಿರಿಯರ ದೀಪ, ನಾಯಿ ಸಮೇತ ಜೀಪಿನಲ್ಲಿ ಕುಶಾಲನಗರಕ್ಕೆ ಇಳಿದರು. ಆಗಸ್ಟ್‌ನಲ್ಲಿ ಮತ್ತೆ ದೊಡ್ಡ ಮಳೆ ಬಂತು. ಬರೆಯಿಂದ ಎರಡು ಲೋಡ್‌ನಷ್ಟು ಮಣ್ಣು ಜಾರಿ ಹಿಂದಿನ ಒಲೆಮನೆಯ ಗೋಡೆಗೆ ಒರಗಿ ನಿಂತಿತು. ಒಳಗೆ ಯಾರೂ ಇರಲಿಲ್ಲ.

ಬ್ರಿಟನ್ನಿನ ಡಿಸೆಂಬರ್ 12ರ ಚುನಾವಣೆಯಲ್ಲಿ ಹೊಸ ಪ್ರಧಾನಿ ಬೋರಿಸ್ ಜಾನ್ಸನ್ 80 ಸ್ಥಾನಗಳ ಬಹುಮತ ಪಡೆದರು. 2020ರ ಜನವರಿ 31ಕ್ಕೆ ಬ್ರಿಟನ್ ಹೊರಗೆ ಬಂತು. ನಮ್ಮ ಹುತ್ತರಿಯೂ ಅದೇ ಡಿಸೆಂಬರ್‌ನಲ್ಲಿ ಬಂತು. ಆ ಸಲ ಲೀಲಾ ಅತ್ತೆ ಊಟ ಮುಗಿದ ಮೇಲೆ ಒಳಗೆ ಹೋಗಲಿಲ್ಲ. ಕೈ ತೊಳೆದು ಬಂದು ದೊಡ್ಡಪ್ಪನ ಪಕ್ಕದ ಬೆಂಚಿನಲ್ಲಿ ಕೂತರು. ಚಿಕ್ಕಪ್ಪ ಸ್ವಲ್ಪ ಸರಿದು ನನಗೂ ಜಾಗ ಮಾಡಿದರು. ಪವನ ನಾಲ್ಕು ಹಾಳೆ ತಂದಿದ್ದ. ಒಂದೊಂದರಲ್ಲೂ ಖರ್ಚಿನ ಲೆಕ್ಕ.